ಗೋಸುಂಬೆ ತಂದವರೇ, ದಯವಿಟ್ಟು ಅದನ್ನು ಕೈಗೆತ್ತಿಕೊಳ್ಳಬೇಡಿ

ಮನೆಗೆ ಹೊಸದಾಗಿ ಗೋಸುಂಬೆ ತಂದಿರುವವರಲ್ಲಿ, ತರಬೇಕೆಂದು ವಿಚಾರಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ: ಅದನ್ನು ಮುಟ್ಟಬೇಡಿ. ಎತ್ತಿ ಮುದ್ದಾಡಲು, ಹೆಗಲ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಳ್ಳಲು, ಬಂದ ನೆಂಟರ ಕೈಯಿಂದ ಕೈಗೆ ದಾಟಿಸಲು ಆಗುವ ಪ್ರಾಣಿ ಇದಲ್ಲ. ಅಂಗೈ ಮೇಲೆ ಅಲ್ಲಾಡದೆ ಕೂತಿದೆ ಎಂದರೆ ನಿಮಗೆ ಒಗ್ಗಿಕೊಂಡಿದೆ ಎಂದು ತಿಳಿಯಬೇಡಿ. ಓಡಲು ದಾರಿ ಕಾಣದೆ ಕೂತಿರುತ್ತದೆ, ಅಷ್ಟೆ.

ಬಣ್ಣ ಬದಲಾಯಿಸುವುದನ್ನು ಮಕ್ಕಳಿಗೆ ತೋರಿಸಬೇಕೆಂದು ಒಮ್ಮೆ ಕೆಂಪು ಬಟ್ಟೆಯ ಮೇಲೆ, ಒಮ್ಮೆ ಹಳದಿ ಬಟ್ಟೆಯ ಮೇಲೆ ಇಡುವವರಿದ್ದಾರೆ. ಬಟ್ಟೆಗೂ ಅದರ ಬಣ್ಣಕ್ಕೂ ಸಂಬಂಧವಿಲ್ಲ. ಚರ್ಮದ ಜೀವಕೋಶಗಳೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಾಗ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಅಂತರ ಬದಲಾಗುವುದು ಸಿಟ್ಟಿಗೆ, ಭಯಕ್ಕೆ, ಬಿಸಿಲು ಚಳಿಗೆ, ಎದುರಾಳಿಯನ್ನೋ ಜೊತೆಗಾತಿಯನ್ನೋ ಕಂಡಾಗ. ಪಕ್ಷ ಬದಲಿಸುವವರನ್ನು ಬಯ್ಯಲು ನಾವು ಇದರ ಹೆಸರು ಎತ್ತುತ್ತೇವೆ. ಪಾಪ, ಇದಕ್ಕೆ ಒಳಗಿನದನ್ನು ಮುಚ್ಚಿಡುವ ವಿದ್ಯೆಯೇ ಬರುವುದಿಲ್ಲ. ನೀವು ಹತ್ತಿರ ಹೋದಾಗ ಮೈ ಕಪ್ಪಿಟ್ಟರೆ, ಬಾಯಿ ಅಗಲಿಸಿ ಬುಸ್ಸೆಂದರೆ, ಹಿಂದೆ ಸರಿಯಿರಿ. ಗೂಡು ಸ್ವಚ್ಛ ಮಾಡಲೆಂದು ಹೊರಗೆ ತೆಗೆಯಲೇಬೇಕಾದರೆ ಮುಂದೊಂದು ಕೋಲು ಹಿಡಿಯಿರಿ, ತಾನಾಗಿ ಹತ್ತಲಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಎಲ್ಲ ಸರೀಸೃಪಗಳ ಹಾಗೆ ಇದೂ ಸಾಲ್ಮೊನೆಲ್ಲಾ ಹರಡಬಲ್ಲದು.

ಸಾಕುವವರ ಮನೆಯಲ್ಲಿ ಹೆಚ್ಚಾಗಿ ಕಾಣುವುದು ತಲೆಯ ಮೇಲೆ ಎತ್ತರದ ಏಣು ಇರುವ ವೇಲ್ಡ್ ಗೋಸುಂಬೆ. ಯೆಮನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗ ಅದರ ತವರು. ಬಟ್ಟಲಲ್ಲಿ ನೀರಿಟ್ಟು, ಕುಡಿಯುತ್ತಲೇ ಇಲ್ಲವೆಂದು ಕಂಗಾಲಾಗಬೇಡಿ. ಅದು ನೀರು ಹುಡುಕುವುದು ಎಲೆಗಳ ಮೇಲಿನ ಹನಿಗಳಲ್ಲಿ. ಗೂಡಿನೊಳಗೆ ಕುಂಡದಲ್ಲೊಂದು ದಾಸವಾಳವಿಟ್ಟು, ದಿನಕ್ಕೆ ಎರಡು ಮೂರು ಸಲ ಸ್ಪ್ರೇ ಬಾಟಲಿಯಿಂದ ಎಲೆ ತೊಟ್ಟಿಕ್ಕುವಷ್ಟು ನೀರು ಸಿಂಪಡಿಸಿ ದೂರ ನಿಲ್ಲಿ. ಮೊದಲು ಒಂದು ಕಣ್ಣು ಹನಿಯತ್ತ ಹೊರಳುತ್ತದೆ, ಇನ್ನೊಂದು ನಿಮ್ಮ ಮೇಲೇ ಇರುತ್ತದೆ. ನೀವು ಅಲ್ಲಾಡದಿದ್ದರೆ ಸ್ವಲ್ಪ ಹೊತ್ತಿಗೆ ಅದೂ ಹೊರಳುತ್ತದೆ. ಆಮೇಲೆ ಎಲೆಯಂಚಿಗೆ ಬಾಯಿ ಒತ್ತಿ, ಗಂಟಲು ಆಡಿಸುತ್ತ, ನಡುನಡುವೆ ತಲೆಯೆತ್ತಿ ನುಂಗುತ್ತದೆ. ಅವಸರವೆಂಬುದೇ ಇಲ್ಲ. ಆಫೀಸಿಗೆ ಹೊತ್ತಾಯಿತೆಂದು ಎರಡು ಸಲ ಪುಸ್ ಎನಿಸಿ ಹೋದರೆ ಅದು ಬಾಯಿ ತೆರೆಯುವಷ್ಟರಲ್ಲಿ ಎಲೆ ಒಣಗಿರುತ್ತದೆ. ನೀರು ಸಾಕಾಗಿದೆಯೇ ಎಂದು ಹಿಕ್ಕೆ ನೋಡಿ ತಿಳಿಯಬಹುದು. ಅದರ ಜೊತೆ ಬೀಳುವ ಗಟ್ಟಿ ಭಾಗ ಬೆಳ್ಳಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಸಾಲದು. ಕಣ್ಣು ಗುಳಿ ಬಿದ್ದಿದ್ದರೆ ವೈದ್ಯರಲ್ಲಿಗೆ ಹೊರಡಿ.

ಬೆಳಕಿನ ವಿಷಯದಲ್ಲಾಗುವ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರಿರುತ್ತದೆ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಮೈಗೆ ಬಿದ್ದರೆ ಡಿ ವಿಟಮಿನ್, ಆ ವಿಟಮಿನ್ ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಎಲುಬಿಗೆ ಸೇರುವುದು. ಅದಿಲ್ಲದೆ ಬೆಳೆದ ಮರಿಯ ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ನಾಲಿಗೆ ಚಿಮ್ಮುವುದಿಲ್ಲ, ಕೊಂಬೆಯ ಹಿಡಿತ ತಪ್ಪಿ ಬೀಳುತ್ತದೆ. ಕಿಟಕಿಯ ಪಕ್ಕ ಇಟ್ಟಿದ್ದೇವಲ್ಲ ಎನ್ನಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಮನೆಯ ಟ್ಯೂಬ್‌ಲೈಟ್ ಎಷ್ಟೇ ಪ್ರಖರವಾಗಿದ್ದರೂ ಪ್ರಯೋಜನವಿಲ್ಲ. ಸರೀಸೃಪಗಳಿಗೆಂದೇ ಮಾಡಿದ ಯುವಿಬಿ ಟ್ಯೂಬ್ ಬೇಕು, ಅದನ್ನೂ ಆರರಿಂದ ಹನ್ನೆರಡು ತಿಂಗಳೊಳಗೆ ಬದಲಿಸಬೇಕು. ಹಳೆಯದಾದ ಟ್ಯೂಬ್ ಉರಿಯುತ್ತಲೇ ಇರುತ್ತದೆ. ಅದರ ಯುವಿಬಿ ಕುಗ್ಗಿರುವುದು ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಬಾಲ್ಕನಿಯ ಎಳೆಬಿಸಿಲು ಇನ್ನೂ ಒಳ್ಳೆಯದು. ಆದರೆ ಗೂಡಿನ ಅರ್ಧ ಭಾಗ ನೆರಳಲ್ಲಿರಲಿ, ಕಾಗೆಯ ಮೇಲೆ ಕಣ್ಣಿಡಿ. ವೇಲ್ಡ್ ಬೆಚ್ಚಗೆ ಕೂರುವ ಕೊಂಬೆಯ ಹತ್ತಿರ 29ರಿಂದ 32 ಡಿಗ್ರಿ ಶಾಖವಿದ್ದರೆ ಸಾಕು. ರಾತ್ರಿ ಎಲ್ಲ ದೀಪವೂ ಆರಲಿ, ಕೆಂಪು ಬಲ್ಬೂ ಬೇಡ.

ಗೂಡು ಜಾಲರಿಯದಾಗಿರಲಿ, ಎರಡಡಿ ಅಗಲ, ನಾಲ್ಕಡಿ ಎತ್ತರ. ಗಾಜಿನ ತೊಟ್ಟಿಯಲ್ಲಿ ತನ್ನ ಪ್ರತಿಬಿಂಬವನ್ನೇ ಶತ್ರುವೆಂದು ತಿಳಿದು ದಿನವಿಡೀ ಕಾದಾಡಬಹುದು. ನೆಲದ ಮೇಲಿಡದೆ ಮೇಜಿನ ಮೇಲಿಡಿ. ನಮ್ಮ ತಲೆಗಿಂತ ಮೇಲಿದ್ದರೆ ಅದಕ್ಕೆ ನೆಮ್ಮದಿ. ಜೊತೆಗಿರಲಿ ಎಂದು ಇನ್ನೊಂದನ್ನು ತಂದು ಹಾಕಬೇಡಿ. ಅದಕ್ಕೆ ಒಂಟಿತನ ಕಾಡುವುದಿಲ್ಲ.

ತಿನ್ನಲು ಜೀವಂತ ಕ್ರಿಕೆಟ್ ಹುಳು, ಮಿಡತೆ. ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಬೇಡ. ಹುಳುಗಳಿಗೆ ಸೊಪ್ಪು, ಗಜ್ಜರಿ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಿ. ಅಡುಗೆಮನೆಯ ಜಿರಳೆ ಮಾತ್ರ ಬೇಡ, ಪಕ್ಕದ ಮನೆಯವರು ಯಾವ ಔಷಧಿ ಹೊಡೆದಿದ್ದಾರೋ. ನಿಮ್ಮ ಗೋಸುಂಬೆ ಹೆಣ್ಣಾಗಿದ್ದರೆ ಗಂಡಿನ ಜೊತೆ ಸೇರದಿದ್ದರೂ ಮೊಟ್ಟೆಯಿಡುತ್ತದೆ. ತೋಡಲು ಒದ್ದೆ ಮರಳಿನ ಡಬ್ಬ ಇಡದಿದ್ದರೆ ಮೊಟ್ಟೆ ಒಳಗೇ ಕಟ್ಟಿಕೊಂಡು ಸಾಯಬಹುದು. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ನಿದ್ದೆಯೆಂದು ಬಿಡಬೇಡಿ, ಅದು ಕಾಯಿಲೆ. ಸರೀಸೃಪಗಳನ್ನು ನೋಡುವ ಪಶುವೈದ್ಯರು ನಿಮ್ಮ ಊರಿನಲ್ಲಿ ಇಲ್ಲದಿದ್ದರೆ, ಗೋಸುಂಬೆ ತರುವ ಯೋಚನೆಯನ್ನೇ ಬಿಡಿ.

ಇನ್ನು ಕಾಗದಪತ್ರದ ಮಾತು. ಬಹುತೇಕ ಎಲ್ಲ ಗೋಸುಂಬೆಗಳೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. 2024ರ ಕೇಂದ್ರದ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ದಾಖಲೆ ಕೊಡದೆ ಕಡಿಮೆ ಬೆಲೆಗೆ ಮಾರುವವರ ಸರಕು ಹೇಗೆ ಬರುತ್ತದೆಂದು ಗೊತ್ತೇ? 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನ ಸಾಮಾನಿನಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 234 ಪ್ರಾಣಿಗಳು. ಹೆಬ್ಬಾವು, ಗೋಸುಂಬೆ, ಇಗುವಾನಾ, ಆಮೆ ಎಲ್ಲವೂ ಇದ್ದವು. ಜೊತೆಗೊಂದು ಕಾಂಗರೂ ಮರಿ, ಉಸಿರುಗಟ್ಟಿ ಸತ್ತದ್ದು.

ಸಾಕಲಾಗುತ್ತಿಲ್ಲ ಎನಿಸಿದರೆ ಕೆರೆದಂಡೆಯಲ್ಲೋ ಪಾರ್ಕಿನಲ್ಲೋ ಬಿಟ್ಟು ಬರಬೇಡಿ. 1972ರಲ್ಲಿ ಹವಾಯಿಯ ವ್ಯಾಪಾರಿಯೊಬ್ಬ ಕೀನ್ಯಾದಿಂದ ತರಿಸಿದ ಜಾಕ್ಸನ್ ಗೋಸುಂಬೆಗಳು ಸೊರಗಿವೆಯೆಂದು ಹಿತ್ತಲಿಗೆ ಬಿಟ್ಟ. ಅವು ಚೇತರಿಸಿಕೊಂಡು ಹರಡಿ, ಬೇರೆಲ್ಲೂ ಇಲ್ಲದ ಅಲ್ಲಿನ ಬಸವನಹುಳು ಕೀಟಗಳನ್ನು ಇಂದಿಗೂ ತಿನ್ನುತ್ತಿವೆ. ಅನುಭವವಿರುವ ಸಾಕಣೆದಾರರಿಗೆ ದಾಖಲೆ ಸಮೇತ ವರ್ಗಾಯಿಸಿ, ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ.

ನಮ್ಮ ಬಯಲುಸೀಮೆಯ ಬೇಲಿಗಳಲ್ಲಿರುವ ಹಸಿರು ಗೋಸುಂಬೆಯ ವಿಷಯದಲ್ಲಿ ನೋಂದಣಿ, ವರ್ಗಾವಣೆ ಯಾವುದೂ ಇಲ್ಲ. ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದಕ್ಕೆ ವಿಷವೂ ಇಲ್ಲ, ಕಂಡರೆ ಕೇಡಾಗುವುದೂ ಇಲ್ಲ. ಕಲ್ಲು ಹೊಡೆಯುವವರಿಗೆ ಇಷ್ಟನ್ನು ಹೇಳಿ. ಹೆಣ್ಣು ಮಣ್ಣಿನಲ್ಲಿ ಮೊಟ್ಟೆಯಿಡಲು ಗಿಡದಿಂದ ಇಳಿಯಲೇಬೇಕು, ಟಯರಿಗೆ ಸಿಕ್ಕುವುದು ಆಗಲೇ. ರಸ್ತೆಯಲ್ಲಿ ಕಂಡರೆ ಗಾಡಿ ನಿಲ್ಲಿಸಿ, ಹಿಂದೆ ಬರುವವರಿಗೆ ಕೈ ಮಾಡಿ, ಒಂದು ಕಡ್ಡಿ ಅದರ ಮುಂದೆ ಹಿಡಿಯಿರಿ. ಹತ್ತಿದ ಮೇಲೆ ಪೊದೆಗೆ ಬಿಡಿ. ಅದು ಬಂದ ಕಡೆಗಲ್ಲ, ಹೊರಟಿದ್ದ ಕಡೆಗೆ. ಇಲ್ಲದಿದ್ದರೆ ಮತ್ತೆ ರಸ್ತೆಗೇ ಇಳಿಯುತ್ತದೆ.