ಕೊರಳಿನ ಬಿಲ್ಲೆ ಎಷ್ಟು ದೂರ ಮಾತಾಡಬೇಕು?

ಸಮ್ಮೇಳನ, ವಸ್ತುಪ್ರದರ್ಶನ ಅಂತ ಎಲ್ಲಿಗೇ ಹೋಗಿ, ಮೊದಲು ಕೊರಳಿಗೊಂದು ಬಿಲ್ಲೆ ಬೀಳುತ್ತದೆ. ಹೆಸರು, ಕಂಪನಿ, ಊರು... ನಮಗೆ ಕಾಣುವುದು ಇಷ್ಟೇ. ಕೆಲವು ಬಿಲ್ಲೆಗಳ ಒಳಗೆ ಕಾಣದ ಚಿಪ್ಪೂ ಇರುತ್ತದೆ. ಆ ಚಿಪ್ಪಿನ ಮೇಲೆ ನನಗೆ ದ್ವೇಷವೇನಿಲ್ಲ. ನನ್ನ ಪ್ರಶ್ನೆ ಒಂದೇ: ಅದು ಎಷ್ಟು ದೂರದಿಂದ ಮಾತಾಡುತ್ತದೆ?

ಇದರಲ್ಲಿ ಬೇರೆ ಬೇರೆ ಜಾತಿಗಳಿವೆ ನೋಡಿ. ಒಂದು ಎನ್‌ಎಫ್‌ಸಿ. ಮೆಟ್ರೋ ಗೇಟಿಗೆ ಕಾರ್ಡು ತಾಗಿಸುತ್ತೇವಲ್ಲ, ಹಾಗೆ. ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿಯದಿದ್ದರೆ ಕೆಲಸ ಮಾಡುವುದಿಲ್ಲ. ಮಳಿಗೆಯವನ ಮಾತು ಇಷ್ಟವಾಯಿತೋ, ಬಿಲ್ಲೆ ತಾಗಿಸಿ, ನಿಮ್ಮ ವಿಳಾಸ ಅವನಿಗೆ ಸಿಗುತ್ತದೆ. ಇಷ್ಟವಾಗಲಿಲ್ಲವೋ, ನಮಸ್ಕಾರ ಹೇಳಿ ಮುಂದಕ್ಕೆ ನಡೆಯಿರಿ. ವಿಸಿಟಿಂಗ್ ಕಾರ್ಡ್ ಕೊಟ್ಟಷ್ಟೇ ಸಲೀಸು.

ಇನ್ನೊಂದು ಯುಎಚ್‌ಎಫ್ ಆರ್‌ಎಫ್‌ಐಡಿ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಇದೇ ಜಾತಿಯದು. ಬ್ಯಾಟರಿ ಇಲ್ಲ, ಆಂಟೆನಾ ಕಳಿಸುವ ಅಲೆಯಿಂದಲೇ ಶಕ್ತಿ ಪಡೆದು ಹಲವು ಮೀಟರ್ ದೂರದಿಂದ ತನ್ನ ನಂಬರ್ ಹೇಳಿಬಿಡುತ್ತದೆ. ಬ್ಲೂಟೂತ್ ಬಿಲ್ಲೆಯಲ್ಲಾದರೆ ಪುಟ್ಟ ಬ್ಯಾಟರಿ ಇರುತ್ತದೆ, ಅದು ಯಾರೂ ಕೇಳದಿದ್ದರೂ "ನಾನಿಲ್ಲಿದ್ದೇನೆ" ಅಂತ ಆಗಾಗ ಕೂಗುತ್ತಲೇ ಇರುತ್ತದೆ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಕಟ್ಟಾದರೆ ಮೊಬೈಲಿಗೆ ಮೆಸೇಜಾದರೂ ಬರುತ್ತದೆ. ನಿಮ್ಮ ಕೊರಳಿನ ಬಿಲ್ಲೆ ಯಾವ ಬಾಗಿಲಲ್ಲಿ, ಎಷ್ಟು ಹೊತ್ತಿಗೆ ಓದಲ್ಪಟ್ಟಿತು ಅಂತ ನಿಮಗೆ ಯಾರಾದರೂ ಮೆಸೇಜ್ ಕಳಿಸಿದ್ದಾರೆಯೇ?

ಕೆಲವು ವರ್ಷಗಳ ಹಿಂದೆ ಇಲ್ಲೇ ಮುಂಬಯಿಯ ಒಂದು ಪ್ರದರ್ಶನದಲ್ಲಿ ಬಿಲ್ಲೆ ತುಸು ದಪ್ಪಗಿದೆ ಅನ್ನಿಸಿ ಕೌಂಟರಿನ ಹುಡುಗನನ್ನು ಕೇಳಿದೆ. "ಚಿಪ್ ಇದೆ ಸರ್, ಎಲ್ಲ ಹಾಲ್‌ಗಳ ಬಾಗಿಲಲ್ಲೂ ರೀಡರ್ ಇದೆ" ಎಂದ. ಬೇಡ ಅಂದರೆ? "ಹಾಗಾದರೆ ಎಂಟ್ರಿ ಇಲ್ಲ ಸರ್." ಅರ್ಜಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಾಪ, ಅವನದೇನೂ ತಪ್ಪಿಲ್ಲ ಬಿಡಿ.

ಮುಂಬಯಿಗೆ ಬಂದು ಮೂರು ದಶಕ ಕಳೆದ ನನಗೆ ಜನರ ನಡುವೆ ಹಿಂಡಿಹೋಗುವುದು ಹೊಸದಲ್ಲ. ಲೋಕಲ್ ಟ್ರೈನಿನಲ್ಲಿ ಪಕ್ಕದವನ ಮೊಣಕೈ ನಮ್ಮ ಪಕ್ಕೆಲುಬಿಗೆ ತಾಗಿರುತ್ತದೆ, ಆದರೂ ಹೆಸರು ಕೇಳುವುದಿಲ್ಲ. ಅದು ಈ ಊರಿನ ಮರ್ಯಾದೆ. ಮಾಟುಂಗದ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮಕ್ಕೆ ಹೋದರೆ "ಯಾವೂರಾಯ್ತು ನಿಮ್ದು?" ಅಂತ ಕೇಳಿಯೇ ಕೇಳುತ್ತಾರೆ. ಆದರೆ ಎದುರಿಗೆ ನಿಂತು ಕೇಳುತ್ತಾರೆ. ಉತ್ತರ ಕೊಡುವುದು, ಬಿಡುವುದು ನಮಗೆ ಬಿಟ್ಟದ್ದು.

ಯಂತ್ರಕ್ಕೂ ಈ ಮರ್ಯಾದೆ ಕಲಿಸಬಹುದು. 2009ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹೈಪರ್‌ಟೆಕ್ಸ್ಟ್ ಸಮ್ಮೇಳನ ನಡೆದಾಗ ಸೋಶಿಯೋಪ್ಯಾಟರ್ನ್ಸ್ ಎಂಬ ಸಂಶೋಧನಾ ತಂಡ ರೇಡಿಯೋ ಬಿಲ್ಲೆಗಳನ್ನು ಹಂಚಿತು. ನೂರಕ್ಕೂ ಹೆಚ್ಚು ಜನ ತಾವಾಗಿಯೇ ಮುಂದೆ ಬಂದು ಎದೆಗೆ ಹಾಕಿಕೊಂಡರು. ಮನುಷ್ಯನ ಮೈಯಲ್ಲಿರುವ ನೀರು ಆ ಅಲೆಗಳನ್ನು ತಡೆಯುತ್ತದೆ. ಹಾಗಾಗಿ ಸುಮಾರು ಒಂದೂವರೆ ಮೀಟರಿನೊಳಗೆ ಇಬ್ಬರು ಮುಖಾಮುಖಿ ನಿಂತರೆ ಮಾತ್ರ ಬಿಲ್ಲೆಗಳು ಒಂದನ್ನೊಂದು ಗುರುತಿಸುತ್ತಿದ್ದವು. ಬೆನ್ನು ತಿರುಗಿಸಿದರೆ ಮುಗಿಯಿತು! ಆ ಮಾಹಿತಿ ಮುಂದೆ ಸೋಂಕು ಹೇಗೆ ಹರಡುತ್ತದೆ ಎಂಬ ಅಧ್ಯಯನಕ್ಕೂ ಒದಗಿತು.

ಆಯೋಜಕರ ಕಷ್ಟ ನನಗೆ ಅರ್ಥವಾಗುತ್ತದೆ. ಯಾವ ಹಾಲ್‌ನಲ್ಲಿ ಎಷ್ಟು ಜನ ಇದ್ದಾರೆ ಅಂತ ತಿಳಿಯದಿದ್ದರೆ ಬೆಂಕಿ ಬಿದ್ದಾಗ ಗತಿಯೇನು? ಆದರೆ ತಲೆ ಎಣಿಸುವುದಕ್ಕೆ ಹೆಸರು ಬೇಕಾಗಿಲ್ಲ. ನಮ್ಮ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಮಾಡಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಪ್ರಕಟವಾದವು. ತಿಳಿಸಿ ಒಪ್ಪಿಗೆ ಪಡೆಯಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಅನ್ನುವುದು ಅದರ ಮಾತು. ಕೊರಳಿನ ಬಿಲ್ಲೆಗೆ ಇದನ್ನು ಅನ್ವಯಿಸುವುದು ಕಷ್ಟವೇ? ಚಿಪ್ ಇದೆ ಅಂತ ಬಿಲ್ಲೆಯ ಮೇಲೇ ಬರೆಯಿರಿ. ಚಿಪ್ಪಿಲ್ಲದ ಬಿಲ್ಲೆ ಕೇಳಿದವರಿಗೆ ಅದನ್ನೇ ಕೊಡಿ. ಹೆಸರು ಕೊಡುವ ಕೆಲಸಕ್ಕೆ ತಾಗಿಸುವ ಬಿಲ್ಲೆಯನ್ನೇ ಇಡಿ.

ತಂತ್ರಜ್ಞಾನ ಹತ್ತಿರ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಕೊನೆಯ ನಾಲ್ಕು ಸೆಂಟಿಮೀಟರ್ ದಾಟುವ ಕೈ ನನ್ನದಾಗಿರಬೇಕು. ಮುಂದಿನ ಸಲ ಬಿಲ್ಲೆ ಕೊರಳಿಗೆ ಬೀಳುವ ಮುಂಚೆ ನೀವೂ ಒಂದು ಮಾತು ಕೇಳಿ ನೋಡಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವರೇ ಹೇಳಲು ಶುರುಮಾಡುತ್ತಾರೆ. ಏನಂತೀರಿ?