ನೈಲ್ ನದಿಯ ಪಾಠ, ವರದೆಯ ದಂಡೆಯ ಮಕ್ಕಳು

ಪಠ್ಯಪುಸ್ತಕದ ವಿವಾದವೆಂಬುದು ಕರ್ನಾಟಕದಲ್ಲಿ ಈಗ ಸರ್ಕಾರಗಳ ಜೊತೆಗೇ ಬಂದುಹೋಗುವ ಸಂಗತಿಯಾಗಿದೆ. 2017ರಲ್ಲಿ ಬರಗೂರು ರಾಮಚಂದ್ರಪ್ಪ ಅವರ ನೇತೃತ್ವದ ಸಮಿತಿ ಪರಿಷ್ಕರಿಸಿದ್ದ ಪುಸ್ತಕಗಳನ್ನು 2022ರಲ್ಲಿ ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಮರುಪರಿಷ್ಕರಿಸಿತು. 2023ರಲ್ಲಿ ಸರ್ಕಾರ ಬದಲಾದೊಡನೆ ಕೆಲವು ಪಾಠಗಳು ಹೊರಹೋದವು, ಕೆಲವು ಒಳಬಂದವು. 2024ರಲ್ಲಿ ಎನ್‌ಸಿಇಆರ್‌ಟಿ ಹೊರತಂದ ಆರನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕವು ಹರಪ್ಪಾ ನಾಗರಿಕತೆಯನ್ನು ‘ಸಿಂಧೂ–ಸರಸ್ವತಿ ನಾಗರಿಕತೆ’ ಎಂದು ಕರೆದಾಗಲೂ ಚರ್ಚೆ ನಡೆದದ್ದು ಮುಖ್ಯವಾಗಿ ಹೆಸರಿನ ಸುತ್ತ. ಯಾರಿಗೆ ಎಷ್ಟು ಸಾಲು, ಯಾವ ನಾಗರಿಕತೆಗೆ ಯಾವ ಹೆಸರು ಎಂಬ ಈ ಜಗ್ಗಾಟದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ: ಹತ್ತು–ಹನ್ನೊಂದು ವರ್ಷದ ಮಗು ಪ್ರಾಚೀನ ನಾಗರಿಕತೆಯ ಪಾಠದಿಂದ ನಿಜಕ್ಕೂ ಕಲಿಯುವುದೇನು?

ಈ ಪ್ರಶ್ನೆಯನ್ನು ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ನಿಂತು ಕೇಳುವುದು ಸೂಕ್ತ. ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗವನ್ನೊಳಗೊಂಡ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳಲ್ಲಿ ಮನೆಗಳು ತೋಟ, ಬೆಟ್ಟ, ಹಳ್ಳಗಳ ನಡುವೆ ಚದುರಿಕೊಂಡಿವೆ. ಶಾಲೆಗಳೂ ಹಾಗೆಯೇ ಚಿಕ್ಕವು. ಎರಡು–ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಶಿಕ್ಷಕರು ಇಲ್ಲಿ ಅಪರೂಪವಲ್ಲ. ಅಂತಹ ಕೋಣೆಯಲ್ಲಿ ಸಿಂಧೂ ಬಯಲು, ಮೆಸೊಪೊಟೇಮಿಯಾ, ಈಜಿಪ್ಟ್ ಎಂಬ ಹೆಸರುಗಳು ಟಿಪ್ಪಣಿ ಪುಸ್ತಕದ ಪ್ರಶ್ನೋತ್ತರಗಳಾಗಿ ಇಳಿಯುತ್ತವೆ. ಮಹಾ ಸ್ನಾನಗೃಹ ಎಲ್ಲಿದೆ? ಮೊಹೆಂಜೊದಾರೊದಲ್ಲಿ. ಈಜಿಪ್ಟ್ ಯಾವ ನದಿಯ ವರಪ್ರಸಾದ? ನೈಲ್. ಉತ್ತರ ಸರಿ, ಅಂಕವೂ ಸರಿ. ಆದರೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಈ ಸಂಗತಿ ನಮಗೆ ಹೇಗೆ ತಿಳಿಯಿತು ಎಂಬುದು ಪಾಠದ ಹೊರಗೇ ಉಳಿಯುತ್ತದೆ.

ಸಿಂಧೂ ಬಯಲಿನ ಲಿಪಿಯನ್ನು ಸರ್ವಸಮ್ಮತವಾಗಿ ಓದಲು ಇದುವರೆಗೂ ಯಾರಿಗೂ ಸಾಧ್ಯವಾಗಿಲ್ಲ. ಜಾನ್ ಮಾರ್ಷಲ್ 1924ರಲ್ಲಿ ಈ ನಾಗರಿಕತೆಯ ಶೋಧವನ್ನು ಜಗತ್ತಿಗೆ ತಿಳಿಸಿ ನೂರು ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ, ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಈ ಲಿಪಿಯ ಒಗಟನ್ನು ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಇದರಲ್ಲಿ ರಾಜಕಾರಣವೂ ಇದೆಯೆನ್ನಿ. ಆದರೆ ಮಕ್ಕಳ ಮಟ್ಟಿಗೆ ಇದಕ್ಕಿಂತ ಸ್ವಾರಸ್ಯದ ಪಾಠ ಬೇರೆಯಿಲ್ಲ. ದೊಡ್ಡವರಿಗೂ ಗೊತ್ತಿಲ್ಲದ್ದು ಒಂದಿದೆ, ಅದನ್ನು ಕಂಡುಹಿಡಿಯುವ ಕೆಲಸ ಇನ್ನೂ ಬಾಕಿಯಿದೆ ಎಂದು ತಿಳಿದ ಮಗುವಿನ ಕಣ್ಣು ಅರಳುತ್ತದೆ. ನಮ್ಮ ಪಾಠಕ್ರಮಕ್ಕೆ ಮಾತ್ರ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಅಂಕ ಕೊಡುವುದು ತಿಳಿಯದು.

ಹಾಗೆಂದು ಹೊರಗಿನದನ್ನೆಲ್ಲ ಬದಿಗೆ ಸರಿಸಿ ನಮ್ಮೂರಿನದನ್ನಷ್ಟೇ ಕಲಿಸಬೇಕೆಂಬ ವಾದ ಇಲ್ಲಿಯದಲ್ಲ. ದೂರದ ನಾಗರಿಕತೆಗಳು ಈ ಮಕ್ಕಳ ಮನೆಯಂಗಳದವರೆಗೂ ಬಂದಿವೆ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನ ಹೊಳ್ಳೆಗಳಲ್ಲಿ ಕಾಳುಮೆಣಸು ದೊರೆತಿದೆ. ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಎಂಬ ಹಳೆಯ ಬಂದರಿನ ದೇವಾಲಯದಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಹರವಿಯೊಂದರಲ್ಲಿ ಏಳೂವರೆ ಕಿಲೋಗ್ರಾಂನಷ್ಟು ಕಾಳುಮೆಣಸು ಉತ್ಖನನದಲ್ಲಿ ಸಿಕ್ಕಿತು; ಅದು ಕ್ರಿ.ಶ. ಒಂದನೇ ಶತಮಾನದ್ದು. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ, ಭಾರತದ ಸರಕಿಗಾಗಿ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ನಷ್ಟು ಹಣ ಸೋರಿಹೋಗುತ್ತಿದೆಯೆಂದು ಗೊಣಗಿದ್ದಾನೆ. ಮೆಣಸು ಪಶ್ಚಿಮ ಘಟ್ಟದ ಬಳ್ಳಿ. ಆ ಕಾಳುಗಳು ಘಟ್ಟದ ಯಾವ ಭಾಗದಿಂದ ಹೋದವೆಂದು ಹೇಳಲಾಗದು. ಬಹುಪಾಲು ಕೇರಳದ ಕಡೆಯಿಂದಲೇ ಇರಬಹುದು. ಆದರೆ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಬಿಡಿಸಿ ಅಂಗಳದಲ್ಲಿ ಒಣಗಿಸುವುದನ್ನು ಕಂಡು ಬೆಳೆದ ಸಿದ್ದಾಪುರದ ಮಗುವಿಗೆ ಪಿರಮಿಡ್ಡುಗಳ ದೇಶವನ್ನು ಪರಿಚಯಿಸಲು ಒಂದು ಹಿಡಿ ಕಾಳುಮೆಣಸಿಗಿಂತ ಒಳ್ಳೆಯ ಪಾಠೋಪಕರಣ ಬೇಕೆ?

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದ ಕಥೆಯೂ ಇಂಥದೇ. ಭಾರತದ ಕಡಲತೀರದಲ್ಲಿ ನಡೆಯುವ ಈ ನಾಟಕದಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವಿರಬಹುದೆಂದು ಹುಲ್ಶ್ 1904ರಲ್ಲೇ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮುಂತಾದವರು ಅದನ್ನು ಬೆಳೆಸಿದರು, ಇನ್ನು ಕೆಲವರು ಒಪ್ಪಲಿಲ್ಲ. ಮಕ್ಕಳಿಗೆ ಇದನ್ನು ಕನ್ನಡದ ಗೆಲುವೆಂದು ಹೇಳುವುದಕ್ಕಿಂತ, ತೀರ್ಮಾನವಾಗದ ವಾದವೆಂದು ಹೇಳುವುದೇ ಮೇಲು.

ಇನ್ನು ಬನವಾಸಿ. ಶಿರಸಿ ಪೇಟೆಯಿಂದ ಇಪ್ಪತ್ತೆರಡು ಕಿಲೋಮೀಟರಿನಷ್ಟು ದೂರದಲ್ಲಿ, ಮೂರು ಕಡೆ ವರದಾ ನದಿ ಬಳಸಿಕೊಂಡಿರುವ ಈ ಊರು ಕದಂಬರ ರಾಜಧಾನಿಯಾಗುವ ಮೊದಲೇ ಪ್ರಸಿದ್ಧವಾಗಿತ್ತು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಭಿಕ್ಷುವನ್ನು ವನವಾಸಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಎರಡನೇ ಶತಮಾನದ ಭೂಗೋಳಕಾರ ಟಾಲೆಮಿಗೆ ಇದರ ಹೆಸರು ಗೊತ್ತಿತ್ತು. ಶಾತವಾಹನರ ಕಾಲದ ರಾಣಿಯೊಬ್ಬಳ ಸ್ಮಾರಕ ಶಿಲೆ ಇಲ್ಲಿ ಸಿಕ್ಕಿದೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಶಾಸನವಿದೆ. ಚುಟುಕುಲದ ಶಾತಕರ್ಣಿಯ ಆಳ್ವಿಕೆಯ ಹನ್ನೆರಡನೇ ವರ್ಷದಲ್ಲಿ ರಾಜಮನೆತನದ ಮಹಿಳೆಯೊಬ್ಬಳು ನಾಗ, ಕೆರೆ ಮತ್ತು ವಿಹಾರವನ್ನು ದಾನ ಮಾಡಿದ್ದನ್ನು ಅದು ಹೇಳುತ್ತದೆ. ಅಷ್ಟೇ ಅಲ್ಲ, ನಾಗವನ್ನು ಕಡೆದವನು ದಾಮೋರಕನ ಶಿಷ್ಯ ನಟಕ ಎಂದೂ ಬರೆದಿದೆ. ಮೊಹೆಂಜೊದಾರೊದ ಕಂಚಿನ ನರ್ತಕಿಯನ್ನು ಎರಕ ಹೊಯ್ದವನ ಹೆಸರು ನಮಗೆ ತಿಳಿಯದು. ಗಿಜಾದಲ್ಲಿ ಕಲ್ಲೆಳೆದ ಸಾವಿರಾರು ಜನರಲ್ಲಿ ಬಹುಪಾಲು ಅನಾಮಿಕರು. ಬನವಾಸಿಯಲ್ಲಿ ಹದಿನೇಳು–ಹದಿನೆಂಟು ನೂರು ವರ್ಷಗಳ ಹಿಂದಿನ ಒಬ್ಬ ಕುಶಲಕರ್ಮಿ, ತನ್ನ ಗುರುವಿನ ಹೆಸರಿನೊಡನೆ ನಿಂತಿದ್ದಾನೆ. ಆ ಊರಿನ ಮಕ್ಕಳೇ ಎಷ್ಟು ಮಂದಿ ಅವನ ಹೆಸರು ಕೇಳಿದ್ದಾರೆ?

ಅವರು ಕೇಳಿರುವುದು ಮಯೂರನ ಹೆಸರು, ಅದೂ ಬಹುಮಟ್ಟಿಗೆ 1975ರ ರಾಜ್‌ಕುಮಾರ್ ಚಿತ್ರದಿಂದ. ಇದರಲ್ಲಿ ತಪ್ಪೇನೂ ಇಲ್ಲ. ದೇವುಡು ಅವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರ ಒಂದು ತಲೆಮಾರಿಗೆ ಕದಂಬರನ್ನು ಪರಿಚಯಿಸಿತು. ಆದರೆ ಬನವಾಸಿಗೆ ಹೆಚ್ಚು ದೂರವಲ್ಲದ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಆ ಕಥೆಯ ಮೂಲವೇ ಕಂಬವಾಗಿ ನಿಂತಿದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ ಶಸ್ತ್ರ ಹಿಡಿದದ್ದನ್ನು ಐದನೇ ಶತಮಾನದ ಆ ಸಂಸ್ಕೃತ ಶಾಸನ ವರ್ಣಿಸುತ್ತದೆ. ರಚಿಸಿದ ಕವಿ ಕುಬ್ಜನೇ ಅದನ್ನು ಕಲ್ಲಿನ ಮೇಲೂ ಬರೆದ. ಘಟನೆಗೂ ಬರಹಕ್ಕೂ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ. ಬರೆಸಿದವರು ಮಯೂರನ ವಂಶದವರೇ. ಚಿತ್ರದಲ್ಲಿ ಇರುವುದರಲ್ಲಿ ಶಾಸನದಲ್ಲಿ ಇಲ್ಲದ್ದು ಯಾವುದು? ಶಾಸನ ಹೇಳಿದ್ದನ್ನೆಲ್ಲ ನಂಬಬಹುದೆ, ಅದನ್ನು ಬರೆಸಿದವರು ಯಾರು? ಏಳನೇ ತರಗತಿಯ ಮಗು ಈ ಪ್ರಶ್ನೆಗಳನ್ನು ಲೀಲಾಜಾಲವಾಗಿ ಎತ್ತಿಕೊಳ್ಳಬಲ್ಲದು. ಇತಿಹಾಸದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದಲ್ಲಿ ಮಾಡುವುದೂ ಇದನ್ನೇ.

ಯಲ್ಲಾಪುರದ ತರಗತಿಯಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಅಲ್ಲಿನ ಬೆಂಚುಗಳ ಮೇಲೆ ಸಿದ್ದಿ ಮಕ್ಕಳಿದ್ದಾರೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರು ಈ ಸಮುದಾಯದ ಪೂರ್ವಜರಲ್ಲಿ ಸೇರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಇದೇ ತಾಲ್ಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಪ್ರಾಥಮಿಕ ಶಾಲೆಯ ಇತಿಹಾಸದಲ್ಲಿ ಈ ಮಕ್ಕಳಿಗೆ ಆಫ್ರಿಕಾ ಎದುರಾಗುವುದು ಮುಖ್ಯವಾಗಿ ಈಜಿಪ್ಟಿನ ರೂಪದಲ್ಲಿ, ಅದೂ ಆಫ್ರಿಕಾ ಎಂದು ಒತ್ತಿ ಹೇಳದೆ. ಸಿದ್ದಿಗಳ ಮೂಲ ಈಜಿಪ್ಟಲ್ಲ, ಖಂಡದ ಪೂರ್ವ ಮತ್ತು ಆಗ್ನೇಯ ಭಾಗ. ಅಲ್ಲಿಯೂ ಕಿಲ್ವಾದಂತಹ ಬಂದರು ಪಟ್ಟಣಗಳಿದ್ದವು, ಗ್ರೇಟ್ ಜಿಂಬಾಬ್ವೆಯಂತಹ ಕಲ್ಲಿನ ನಗರವಿತ್ತು. ಭಾರತದೊಡನೆ ಅವುಗಳ ವ್ಯಾಪಾರವೂ ನಡೆಯುತ್ತಿತ್ತು. ಇವುಗಳ ಕುರಿತು ಒಂದು ಪುಟ ಸೇರಿಸಿದರೆ ಯಾವ ಸಮಿತಿಯ ಸಿದ್ಧಾಂತಕ್ಕೂ ಭಂಗ ಬರಲಾರದು. ತನ್ನ ಜನ ಗುಲಾಮಗಿರಿಯಿಂದಷ್ಟೇ ಇತಿಹಾಸಕ್ಕೆ ಬಂದವರೆಂದು ಭಾವಿಸಿ ಬೆಳೆಯುವ ಮಗುವಿಗೆ ಆ ಪುಟದ ಬೆಲೆ ಬೇರೆಯೇ.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪುರಾವೆ, ಆಕರ ಎಂಬುದೆಲ್ಲ ಭಾರವಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ಕಳೆದ ವಾರ ಕೊಟ್ಟಿಗೆಗೆ ಬಂದದ್ದು ಚಿರತೆಯೋ ಕಾಡುಬೆಕ್ಕೋ ಎಂದು ಹೆಜ್ಜೆ ಗುರುತು ನೋಡಿ ವಾದಿಸುವ ಮಲೆನಾಡಿನ ಮಕ್ಕಳಿಗೆ ಪುರಾವೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಆತಂಕ ಹೆಚ್ಚು ನಿಜ: ಸ್ಥಳೀಯ ಇತಿಹಾಸ ಸುಲಭವಾಗಿ ಜಂಬವಾಗಿಬಿಡುತ್ತದೆ. ಕದಂಬೋತ್ಸವದ ವೇದಿಕೆಯ ಮೇಲಿನ ಭಾಷಣಗಳನ್ನು ಕೇಳಿದವರಿಗೆ ಇದರ ರುಚಿ ಗೊತ್ತು. ಬನವಾಸಿಯ ಮೊದಲ ಶಾಸನಗಳು ಪ್ರಾಕೃತದಲ್ಲಿವೆ, ತಾಳಗುಂದದ ಕಂಬ ಸಂಸ್ಕೃತದಲ್ಲಿದೆ, ದಾನ ಪಡೆದ ವಿಹಾರ ಬೌದ್ಧರದ್ದಿರಬೇಕು. ಇದನ್ನೆಲ್ಲ ಮುಚ್ಚಿಟ್ಟು ‘ಕನ್ನಡದ ಮೊದಲ ರಾಜಧಾನಿ’ ಎಂದಷ್ಟೇ ಬಾಯಿಪಾಠ ಮಾಡಿಸುವುದಾದರೆ ಮೊಹೆಂಜೊದಾರೊದ ಪ್ರಶ್ನೋತ್ತರವೇ ವಾಸಿ.

ಅಡ್ಡಿಗಳು ಇರುವುದು ಮಕ್ಕಳ ಕಡೆಯಿಂದಲ್ಲ. ಬಿಸಿಯೂಟದ ಲೆಕ್ಕ, ದಾಖಲಾತಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಚುನಾವಣೆ, ಸಮೀಕ್ಷೆಗಳ ನಡುವೆ ಶಿಕ್ಷಕರಿಗೆ ಇದಕ್ಕೆ ಬಿಡುವಿಲ್ಲ, ತರಬೇತಿಯೂ ಇಲ್ಲ. ಶಾಲಾ ಪ್ರವಾಸದ ಬಸ್ಸು ಮೈಸೂರು, ಹಂಪೆಯತ್ತ ಹೋಗುತ್ತದೆ. ಅದರ ಹಣ ಕೊಡಲಾಗದ ಕೂಲಿಕಾರರ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಬನವಾಸಿಗೆ ಒಂದು ದಿನದ ಭೇಟಿಗೆ ಬೇಕಾಗುವುದು ಸಾರಿಗೆ ಬಸ್ಸಿನ ದರ ಮತ್ತು ಬುತ್ತಿ. ಮೂರೂ ತಾಲ್ಲೂಕುಗಳ ಸಂಪನ್ಮೂಲ ಕೇಂದ್ರಗಳಲ್ಲಿ ನಾಗಶಿಲ್ಪದ ಶಾಸನದ ಒಂದೊಂದು ಪ್ರತಿ, ಬ್ರಾಹ್ಮಿ ಅಕ್ಷರಗಳ ಒಂದೊಂದು ಪಟ್ಟಿ ಇರಿಸಲು ಪುರಾತತ್ವ ಇಲಾಖೆಗೂ ಶಿಕ್ಷಣ ಇಲಾಖೆಗೂ ದೊಡ್ಡ ಖರ್ಚೇನೂ ಆಗದು. ಪ್ರಶ್ನೆಪತ್ರಿಕೆಯಲ್ಲಿ ಮಹಾ ಸ್ನಾನಗೃಹ ಎಲ್ಲಿದೆ ಎಂಬುದರ ಕೆಳಗೆ, ಅದು ನೀರು ತುಂಬುವ ಕೊಳವೇ ಎಂದು ಶೋಧಕರಿಗೆ ಹೇಗೆ ತಿಳಿದಿರಬಹುದು ಎಂಬ ಇನ್ನೊಂದು ಸಾಲನ್ನೂ ಸೇರಿಸಬಹುದು. ಗೋಡೆಯ ಹಿಂದೆ, ನೀರು ಸೋರದಂತೆ ಬಳಿದಿದ್ದ ಡಾಂಬರನ್ನು ಕುರಿತು ಓದಿದ ಮಗು, ಮಳೆಗಾಲದಲ್ಲಿ ತನ್ನ ಮನೆಯ ಮಾಡು ಸೋರುವುದನ್ನು ಕಂಡಿರುವುದರಿಂದ, ಉತ್ತರವನ್ನು ತಾನೇ ಬರೆದೀತು.