ಪಾರ್ಕು ಪಾರ್ಕಾಗಿಯೇ ಇರಲಿ, ಚೆಂಡು ಮೈದಾನಕ್ಕೆ ಹೋಗಲಿ

ಫುಟ್‌ಬಾಲ್ ಆಡುವ ಹುಡುಗರಿಗೆ ದಾವಣಗೆರೆಯಲ್ಲೂ ಹರಿಹರದಲ್ಲೂ ಒಳ್ಳೆಯ ಜಾಗ ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಜಾಗ ಎಲ್ಲಿ ಎಂದ ಕೂಡಲೇ ಕೆಲವರ ಕಣ್ಣು ಪಾರ್ಕಿನ ಮೇಲೆ ಬೀಳುತ್ತದೆ. 'ಹೇಗೂ ಹುಲ್ಲು ಒಣಗಿದೆ, ಕಾರಂಜಿ ಕೆಟ್ಟಿದೆ, ಸಂಜೆಯಾದರೆ ಇಸ್ಪೀಟು ಆಡ್ತಾರೆ. ಬಲೆ ಕಟ್ಟಿ, ಲೈಟು ಹಾಕಿ, ಫುಟ್‌ಬಾಲ್ ಕಾಂಪ್ಲೆಕ್ಸ್ ಮಾಡಿಬಿಡಿ' ಎಂಬುದು ವಾದ. ಕೇಳೋದಕ್ಕೆ ಚೆನ್ನಾಗಿದೆ. ಲೆಕ್ಕ ಹಾಕಿದರೆ ತಾಳೆಯಾಗೋದಿಲ್ಲ.

ಮೊದಲು ಅಳತೆ ನೋಡಿ. ದೊಡ್ಡ ಪಂದ್ಯಗಳ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೆರೆಯೊಳಗಿನ ನೆಲವೇ 1 ಎಕರೆ 30 ಗುಂಟೆ ಆಯ್ತು. ಅದರಾಚೆ ಕೂರುವ ಮೆಟ್ಟಿಲು, ಬಟ್ಟೆ ಬದಲಿಸುವ ಕೋಣೆ, ಸ್ಕೂಟರ್ ನಿಲ್ಲಿಸುವ ಜಾಗ ಬೇರೆ. ನಮ್ಮ ಬಡಾವಣೆಯ ಪಾರ್ಕುಗಳಲ್ಲಿ ಎಷ್ಟರಲ್ಲಿ ಇದು ಹಿಡಿದೀತು? ಐದೈದು ಜನ ಆಡುವ ಚಿಕ್ಕ ಅಂಕಣ 40ಕ್ಕೆ 20 ಮೀಟರ್ ಎಂದರೆ 8 ಗುಂಟೆ ಸಾಕು, ನಿಜ. ಆದರೆ ಬಲೆಯೊಳಗೆ ಒಂದು ಹೊತ್ತಿಗೆ 10 ಜನ, ಮಿಕ್ಕವರೆಲ್ಲ ಹೊರಗೆ.

ಆ ಹೊರಗಿನವರು ಯಾರು? ಬೆಳಗಿನಿಂದ ಗಲ್ಲಾಪೆಟ್ಟಿಗೆ ಮುಂದೆ ಕೂತು ಬೆನ್ನು ಹಿಡಿದ ಅಂಗಡಿಯವರು. ಹರಿಹರದ ಬಸ್ಸು ತಪ್ಪಿ, ಮುಂದಿನದು ಬರೋವರೆಗೆ ನೆರಳು ಹುಡುಕುವವರು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆಯುವ ಮಕ್ಕಳು. ಇವರು ಪಾರ್ಕಿಗೆ ಕಾಸು ಕೊಡಬೇಕಿಲ್ಲ. ಕಾಂಪ್ಲೆಕ್ಸ್ ಬಂದರೆ ಲೈಟು ಬಿಲ್ಲು ಯಾರು ಕಟ್ಟೋದು? ಗುತ್ತಿಗೆ ಕೊಡ್ತಾರೆ, ಗುತ್ತಿಗೆದಾರ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೀಳ್ತಾನೆ. ಕೊನೆಗೆ ಯಾರ ಹೆಸರಲ್ಲಿ ಪಾರ್ಕು ಕಿತ್ತರೋ ಆ ಬಡ ಹುಡುಗನೇ ಬಲೆಯಾಚೆ ನಿಲ್ತಾನೆ. ಇನ್ನು ಆ ಪ್ಲಾಸ್ಟಿಕ್ ಹುಲ್ಲು ನಮ್ಮ ಬೇಸಿಗೆಯ ಮಧ್ಯಾಹ್ನಕ್ಕೆ ಕಾವಲಿಯಂತೆ ಕಾಯುತ್ತದೆ.

ಈ ಜಗಳ ನಮ್ಮೂರಿಗಿಂತ ಮೊದಲು ಬೆಂಗಳೂರಿನಲ್ಲಿ ಆಗಿದೆ. ಅಲ್ಲಿ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟರು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ತೀರ್ಪು ಕೊಟ್ಟಿತು. ಆಸ್ಪತ್ರೆಯಂಥ ಆಸ್ಪತ್ರೆಗೇ ಸಿಗದ ಪಾರ್ಕು ಬಾಡಿಗೆ ಅಂಕಣಕ್ಕೆ ಸಿಗಬೇಕೆ? ಅದೇ ಬೆಂಗಳೂರಿನಲ್ಲಿ ಸಂಪಂಗಿ ಕೆರೆ ಇದ್ದ ಕಡೆ ಈಗ ಕಂಠೀರವ ಕ್ರೀಡಾಂಗಣ ಇದೆ. ಕ್ರೀಡಾಂಗಣ ಬಂತು, ಕೆರೆ ವಾಪಸು ಬರಲಿಲ್ಲ.

ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ 1985ರ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆ ಇವುಗಳ ಪಟ್ಟಿ ಮಾಡಬೇಕು ಅನ್ನುತ್ತದೆ ಅದು. ದಾವಣಗೆರೆ ಪಾಲಿಕೆ, ಹರಿಹರ ನಗರಸಭೆ ಆ ಪಟ್ಟಿಯನ್ನು ಅಳತೆ ಸಮೇತ ಕಚೇರಿ ಗೋಡೆಗೆ ಅಂಟಿಸಲಿ. ಜನ ಓದಲಿ.

ಹಾಗಾದರೆ ಹುಡುಗರು ಎಲ್ಲಿ ಆಡಬೇಕು? ಇರುವ ಮೈದಾನದಲ್ಲಿ, ಸ್ವಾಮಿ. ದಾವಣಗೆರೆಗೆ ಹೈಸ್ಕೂಲ್ ಮೈದಾನವಿದೆ, ಹರಿಹರಕ್ಕೆ ಗಾಂಧಿ ಮೈದಾನವಿದೆ. ಸಭೆ, ಸಮಾರಂಭ, ಶಾಮಿಯಾನದ ಗೂಟಗಳಿಂದ ಅವನ್ನು ವಾರಕ್ಕೆ ನಾಲ್ಕು ಸಂಜೆಯಾದರೂ ಬಿಡಿಸಿಕೊಡಿ. ಗುಂಡಿ ಮುಚ್ಚಿ, ಎರಡು ಗೋಲು ಕಂಬ ನಿಲ್ಲಿಸಿ. ಸರ್ಕಾರಿ ಶಾಲೆ, ಕಾಲೇಜುಗಳ ಗೇಟು ಬೆಲ್ಲು ಹೊಡೆದ ಮೇಲೆ ಎರಡು ತಾಸು ತೆರೆದಿಡಿ. ಇದಕ್ಕೆ ಕೋಟಿ ಬೇಡ, ಒಬ್ಬ ಕಾವಲುಗಾರ ಸಾಕು.

ಪಾರ್ಕು ಹಾಳಾಗಿದೆ ಅನ್ನುವುದೂ ನಿಜವೇ. ಮನೆ ಸೋರಿದರೆ ಹೆಂಚು ಕೈಯಾಡಿಸ್ತೀವಿ, ಮನೆ ಮಾರೋದಿಲ್ಲ. ನೀರು ಬಿಡಿ, ಬೆಂಚು ಹಾಕಿ, ದೀಪ ಸರಿ ಮಾಡಿ. ಈ ಮೂರೂ ಪಾಲಿಕೆ, ನಗರಸಭೆಗಳ ದಿನನಿತ್ಯದ ಕೆಲಸ. ತಾವೇ ಒಣಗಿಸಿದ ಹುಲ್ಲನ್ನು ತೋರಿಸಿ ಜಾಗವನ್ನು ಗುತ್ತಿಗೆಗೆ ಕೊಡುವ ಹಕ್ಕು ಯಾರಿಗೂ ಇಲ್ಲ.